ಸಿಬಿಝಡ್ ಓದಿದವರು ಮುಂದೆ ಏನಾಗ್ತಾರೆ?

ನಮ್ಮ ಬ್ಯಾಚಿನಲ್ಲಿ ಸಿಬಿಝಡ್‌ಗೆ, ಅಂದರೆ ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಲು, ಬಂದವರಲ್ಲಿ ಜಾಸ್ತಿ ಜನ ಮೆಡಿಕಲ್ ಸೀಟು ಸಿಗದವರು. ನಾನೂ ಹಾಗೇ ಬಂದವಳು. ಊರಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಬಿಎಸ್ಸಿ ಮುಗಿಸಿ ಬಿಎಡ್ ಮಾಡ್ತೀಯಾ?" ಬಿಎಡ್ ಒಳ್ಳೆಯ ದಾರಿಯೇ. ಹೈಸ್ಕೂಲಿನಲ್ಲಿ ನನಗೆ ಜೀವಶಾಸ್ತ್ರದ ರುಚಿ ಹತ್ತಿಸಿದವರೂ ಬಿಎಡ್ ಮಾಡಿದವರೇ ಅಲ್ವಾ? ಆದರೆ ಅದು ಬಿಟ್ಟರೆ ಬೇರೆ ದಾರಿ ಇದೆ ಅಂತ ನಮಗೆ ಹೇಳುವವರು ಯಾರೂ ಇರಲಿಲ್ಲ.

ಹೇಳಿದವರು ನಮ್ಮ ಪ್ರಾಣಿಶಾಸ್ತ್ರದ ಮೇಡಂ. ರೆಕಾರ್ಡಿನಲ್ಲಿ ಪುಸ್ತಕದ ಚಿತ್ರ ನೋಡಿ ಬರೆದರೆ ಅವರು ಸಹಿ ಹಾಕುತ್ತಿರಲಿಲ್ಲ. "ಸ್ಲೈಡಿನಲ್ಲಿ ನಿನಗೆ ಏನು ಕಂಡಿತೋ ಅದನ್ನೇ ಬರಿ" ಎನ್ನುತ್ತಿದ್ದರು. ಮಳೆ ಹಿಡಿದರೆ ಕಾಲೇಜಿನ ಹಿಂದಿನ ಹೊಂಡದ ಹತ್ತಿರ ನಮ್ಮನ್ನು ನಿಲ್ಲಿಸಿ, ಯಾವ ಕಪ್ಪೆ ಎಲ್ಲಿ ಕೂತು ಕೂಗುತ್ತಿದೆ ಅಂತ ಬರೆದುಕೊಳ್ಳಲು ಹೇಳುತ್ತಿದ್ದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ಪಿನ ಸುದ್ದಿ ತಂದವರೂ ಅವರೇ. ಎರಡು ತಿಂಗಳು ಒಂದು ಸಂಶೋಧನಾ ಲ್ಯಾಬಿನಲ್ಲಿ ಕೆಲಸ, ಖರ್ಚಿಗೆ ದುಡ್ಡೂ ಕೊಡುತ್ತಾರೆ. ಅರ್ಜಿಯ ಬರಹವನ್ನು ಮೇಡಂ ಎದುರು ಕೂರಿಸಿಕೊಂಡು ತಿದ್ದಿ ತಿದ್ದಿ ಬರೆಸಿದರು.

ಪಿಎಚ್‌ಡಿ ಮಾಡುವವರನ್ನು ನಾನು ಮೊದಲು ನೋಡಿದ್ದು ಬೆಂಗಳೂರಿನ ಆ ಲ್ಯಾಬಿನಲ್ಲಿ. ಅವರಿಗೆ ತಿಂಗಳು ತಿಂಗಳು ಫೆಲೋಶಿಪ್ ಬರುತ್ತದೆ ಅಂತ ಗೊತ್ತಾದದ್ದೂ ಅಲ್ಲೇ. ಈಗ ಓದುತ್ತಿರುವವರಿಗೆ ಇದನ್ನು ಒತ್ತಿ ಹೇಳಬೇಕು. ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಪಡೆದರೆ, 2023ರಲ್ಲಿ ಏರಿಸಿದ ದರದಂತೆ, ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮಗಳ ಪಿಎಚ್‌ಡಿಗಾಗಿ ಅಪ್ಪ ತೋಟ ಅಡವಿಡಬೇಕಿಲ್ಲ. ಹಣ ಕೆಲವು ಸಲ ತಿಂಗಳುಗಟ್ಟಲೆ ತಡವಾಗುತ್ತದೆ, ನನಗೂ ಆಗಿದೆ. ಅದು ಅನ್ಯಾಯ, ಸರಿಯಾಗಲೇಬೇಕು. ಇನ್ನು ಬಿಎಸ್ಸಿ ಆದ ಕೂಡಲೇ ಜಾಮ್ ಪರೀಕ್ಷೆ ಬರೆದರೆ ಐಐಟಿಗಳ ಎಂಎಸ್ಸಿಗೂ, ಸ್ನಾತಕೋತ್ತರ ಪದವಿ, ಪಿಎಚ್‌ಡಿ ಎರಡನ್ನೂ ಒಟ್ಟಿಗೆ ಮಾಡಿಸುವ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಬಾಗಿಲು ತೆರೆಯುತ್ತದೆ.

ನನ್ನ ಪಿಎಚ್‌ಡಿ ಕಪ್ಪೆಗಳ ಕೂಗಿನ ಮೇಲೆ. ಮಳೆಗಾಲದ ರಾತ್ರಿಗಳೆಲ್ಲ ಸಿದ್ದಾಪುರದ ಕಡೆಯ ಹಳ್ಳಗಳಲ್ಲೇ ಕಳೆದವು. ಕಾಲಿಗೆ ಉಂಬಳ, ಕೈಯಲ್ಲಿ ರೆಕಾರ್ಡರ್. ಕುಂಬಾರ ಕಪ್ಪೆಯನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಂಡು ಕಪ್ಪೆ ಹಳ್ಳದಿಂದ ಕೆಸರು ತಂದು, ಕಡ್ಡಿಗೆ ಅಂಟಿದ ಮೊಟ್ಟೆಗಳ ಮೇಲೆ ಮುಂಗಾಲಿನಿಂದ ಮೆತ್ತುತ್ತದೆ. ಎಷ್ಟು ಜತನ! ಕತ್ತಲೆಕಾನಿನಂಥ ಕಾಡಿನಲ್ಲಿ, ನಮ್ಮ ಊರುಗಳ ಪಕ್ಕದಲ್ಲೇ ಇರುವ ಈ ಜೀವಿಗೆ ವಿಜ್ಞಾನದ ಹೆಸರು ಸಿಕ್ಕಿದ್ದು 2014ರಲ್ಲಿ. ಮಲೆನಾಡಿನ ಹುಡುಗ ಹುಡುಗಿಯರು ಮಾಡಬೇಕಾದ ಕೆಲಸ ಇನ್ನೂ ಬೇಕಾದಷ್ಟಿದೆ.

ದಾರಿ ಸುಲಭ ಅಂತ ಸುಮ್ನೆ ಹೇಳಲಾರೆ. ಪಿಎಚ್‌ಡಿಗೆ ಐದಾರು ವರ್ಷ ಬೇಕು. ಕಾಯಂ ಕೆಲಸ ಸಿಗಲು ಮತ್ತೆ ಕಾಯಬೇಕು. ಎಲ್ಲರೂ ಪಿಎಚ್‌ಡಿ ಮಾಡಬೇಕು ಅಂತಲೂ ಇಲ್ಲ. ನಮ್ಮ ಬ್ಯಾಚಿನ ಒಬ್ಬಳು ಬೀಜದ ಕಂಪನಿಯಲ್ಲಿದ್ದಾಳೆ, ಇನ್ನೊಬ್ಬ ಅರಣ್ಯ ಇಲಾಖೆಯಲ್ಲಿ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ). ಇಬ್ಬರಿಗೂ ಅವತ್ತಿನ ಸಿಬಿಝಡ್ ಇವತ್ತಿಗೂ ಅನ್ನ ಕೊಡುತ್ತಿದೆ.

ಮೇಡಂ ನಿವೃತ್ತರಾಗಿದ್ದಾರೆ. ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕುವ ಆಸೆ ಇರುವವರಿಗೆ ನನ್ನ ನಂಬರ್ ಕಾಲೇಜಿನ ಡಿಪಾರ್ಟ್‌ಮೆಂಟಿನಲ್ಲಿ ಸಿಗುತ್ತದೆ. ಬರಹ ತಿದ್ದಲು ಜೊತೆಗೆ ಕೂರುತ್ತೇನೆ. ಮನೆಯವರ ಹತ್ತಿರ ಮಾತಾಡಬೇಕಿದ್ದರೆ ಅದಕ್ಕೂ ಬರುತ್ತೇನೆ.