ಜರ್ಮನಿಯ ಅಪ್ಪ ಅಮ್ಮಂದಿರೂ ಕಮ್ಮಿ ಇಲ್ಲ

ಕಲಬುರಗಿಗೆ ಫೋನ್ ಮಾಡಿದಾಗಲೆಲ್ಲ ಗೆಳೆಯರದ್ದು ಒಂದೇ ಮಾತು. "ನಿಮ್ಮ ಕಡಿ ಛಲೋ ಬಿಡಪಾ, ಹುಡುಗ್ರು ತಮಗ ಬೇಕಾದ್ದು ಓದ್ತಾವ, ಅಪ್ಪ ಅವ್ವ ನಡಕ ಬರಂಗಿಲ್ಲ." ನಾನಿರುವುದು ಮ್ಯೂನಿಕ್ ಹತ್ತಿರ, ಮಗಳು ಈಗ ನಾಲ್ಕನೇ ಕ್ಲಾಸು. ಆ ಮಾತು ಅರ್ಧ ಸುಳ್ಳು.

ನಮ್ಮಲ್ಲಿ ಪಿಯುಸಿಗೆ ಬರುವ ಜ್ವರ ಇಲ್ಲಿ ಹತ್ತನೇ ವಯಸ್ಸಿಗೇ ಬರುತ್ತದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ನಾಲ್ಕನೇ ಕ್ಲಾಸಿನ ಕೊನೆಗೆ ಮಗು ಮುಂದೆ ಯಾವ ಥರದ ಶಾಲೆಗೆ ಅಂತ ನಿರ್ಧಾರವಾಗಬೇಕು. ಗಿಮ್ನಾಜಿಯಮ್ ಅನ್ನುವ ಹೈಸ್ಕೂಲು ಸಿಕ್ಕರೆ ಯೂನಿವರ್ಸಿಟಿಗೆ ನೇರ ದಾರಿ, ಅದಕ್ಕೆ ಜರ್ಮನ್, ಗಣಿತ, ಪರಿಸರ-ಸಮಾಜ ಈ ಮೂರರ ಸರಾಸರಿ 2.33 ಇರಬೇಕು, ಅಥವಾ ಅದಕ್ಕಿಂತ ಚೆನ್ನಾಗಿರಬೇಕು. ಇಲ್ಲಿ 1 ಅಂದರೆ ಭೇಷ್, 6 ಅಂದರೆ ಡುಮ್ಕಿ. ಮೇ ತಿಂಗಳಲ್ಲಿ ಬರುವ ಆ ಒಂದು ಅಂಕಪಟ್ಟಿಗೋಸ್ಕರ ಟ್ಯೂಷನ್ ಏನು, ಶಾಲೆ ಗೇಟಿನ ಮುಂದೆ "ನಿಮ್ಮವಳಿಗೆ ಎಷ್ಟು ಬಂತು" ಅನ್ನುವ ವಿಚಾರಣೆ ಏನು! ನಕ್ಕೊಂಡೇ ಕೇಳುತ್ತಾರೆ, ಆದರೆ ಕಣ್ಣು ನಗುತ್ತಿರುವುದಿಲ್ಲ.

ವ್ಯತ್ಯಾಸ ಇರುವುದು ಮುಂದಿನ ಹಂತದಲ್ಲಿ. ನಮ್ಮ ಪಕ್ಕದ ಮನೆಯವರು ಡಾಕ್ಟರು, ಮಗ ಎಲೆಕ್ಟ್ರಿಷಿಯನ್ ಆಗ್ತೀನಿ ಅಂದ. ಅಪ್ಪ ಮುಖ ಗಂಟು ಹಾಕಿಕೊಂಡು ಎಷ್ಟೋ ದಿನ ಸರಿಯಾಗಿ ಮಾತಾಡಲಿಲ್ಲವಂತೆ, ಅಂದರೆ ಅವರೂ ನಮ್ಮವರ ಹಾಗೇ ಅಲ್ವಾ. ಆದರೆ ಹುಡುಗ ಔಸ್‌ಬಿಲ್ಡುಂಗ್, ಅಂದರೆ ಕೆಲಸ ಮಾಡುತ್ತಲೇ ಕಸುಬು ಕಲಿಯುವ ತರಬೇತಿ, ಸೇರಿದ. ಮೂರೂವರೆ ವರ್ಷ, ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಂಪನಿಯಲ್ಲಿ ಕೆಲಸ. ಮೊದಲ ತಿಂಗಳಿಂದಲೇ ಸಂಬಳ. ಮುಂದೆ ಮೈಸ್ಟರ್ ಅನ್ನುವ ಕಸುಬಿನ ಮೇಲಿನ ಹಂತದ ಪರೀಕ್ಷೆ ಪಾಸಾದರೆ ಸ್ವಂತ ಅಂಗಡಿ ಹಾಕಬಹುದು, ಮನಸ್ಸು ಬದಲಾದರೆ ಯೂನಿವರ್ಸಿಟಿಗೂ ಹೋಗಬಹುದು. ಮಗ ಕೆಳಗೆ ಬಿದ್ದಿಲ್ಲ ಅಂತ ಕಂಡ ಮೇಲೆ ಅಪ್ಪನೂ ತಣ್ಣಗಾದರು. ಈಗ ಅವರ ಮನೆ ಫ್ಯೂಸ್ ಬೋರ್ಡ್ ಅವನದ್ದೇ ಉಸ್ತುವಾರಿ.

ಇದನ್ನೇ ಊರಲ್ಲಿ ಹೇಳಿ ನೋಡಿ. "ಐಟಿಐಗೆ ಹಚ್ಚಿದ್ರ ಹೆಣ್ಣು ಯಾರು ಕೊಡ್ತಾರ?" ನಾನೂ ಮೊದಲು ಈ ಮಾತಿಗೆ ಸಿಟ್ಟಾಗುತ್ತಿದ್ದೆ, ಈಗ ಆಗುವುದಿಲ್ಲ. ಮಳೆ ನಂಬಿದ ತೊಗರಿ ಹೊಲ, ಒಂದು ವರ್ಷ ನೆಟೆ ರೋಗ, ಇನ್ನೊಂದು ವರ್ಷ ರೇಟಿಲ್ಲ. ಇಂಥದ್ದನ್ನು ನೋಡಿ ನೋಡಿ ಸಾಕಾದ ಅಪ್ಪ ಡಾಕ್ಟರ್, ಇಂಜಿನಿಯರ್, ಸರ್ಕಾರಿ ನೌಕರಿ ಅಂತ ಮೂರೇ ಹೆಸರು ಹೇಳಿದರೆ ಅದು ಬರೀ ಹಟ ಅಲ್ಲ. ಅದರ ಮೇಲೆ ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂತು. ನಮ್ಮ ಭಾಗದ ಕಾಲೇಜುಗಳಲ್ಲಿ 70% ಸೀಟು ನಮ್ಮ ಹುಡುಗರಿಗೆ, ಹೊರಗೆ 8%. ಸರ್ಟಿಫಿಕೇಟ್ ಕೈಯಲ್ಲಿದ್ದೂ ಮೆಡಿಕಲ್ ಬಿಡು ಅಂದರೆ ಯಾವ ಅಪ್ಪ ಕೇಳುತ್ತಾನೆ?

ಬೀದರಿನದ್ದೂ ಇದೇ ಕಥೆ. 2023ರಲ್ಲಿ ಬಿದರಿ ಕಲೆಗೆ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಇಲ್ಲಿನ ಕನ್ನಡ ಗ್ರೂಪಿನಲ್ಲಿ ಎಲ್ಲರೂ ಕುಣಿದಾಡಿದೆವು. ಸತು-ತಾಮ್ರದ ಪಾತ್ರೆಯಲ್ಲಿ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕುದಿಸಿ ಕಪ್ಪು ಬರಿಸುವ ಕೆಲಸ ಅದು. ಆದರೆ ನಮ್ಮ ಪೈಕಿ ಎಷ್ಟು ಜನ ಮಗನನ್ನು ಅದಕ್ಕೆ ಕಳಿಸುತ್ತೇವೆ? ಆ ಪ್ರಶ್ನೆ ಹಾಕಿದೆ, ಗ್ರೂಪ್ ಗಪ್‌ಚುಪ್.

ನನ್ನ ತಕರಾರು ಒಂದೇ. ಬೇಡ ಅನ್ನುವ ಮೊದಲು ಹುಡುಗನನ್ನು ಕೂರಿಸಿಕೊಂಡು ಪೂರ್ತಿ ಕೇಳಬೇಕು. ಅಣ್ಣನ ಮಗನಿಗೆ ಬಿಎಸ್ಸಿ ಅಗ್ರಿ ಓದುವ ಆಸೆ. ಕಲಬುರಗಿಯಲ್ಲೇ ಕೃಷಿ ಕಾಲೇಜಿದೆ, ಸಿಇಟಿಯಲ್ಲಿ ರೈತರ ಮಕ್ಕಳಿಗೆ ಕೋಟಾನೂ ಇದೆ. ಅಣ್ಣ ಮಾತ್ರ "ಹೊಲದಾಗಿಂದ ಹೊರಗ ಬರ್ಲಿ ಅಂತ ಓದ್ಸೀನಿ, ಇಂವ ಮತ್ತ ಹೊಲಕ್ಕೇ ಹೊಂಟಾನ" ಅಂತ ರೇಗುತ್ತಾನೆ. ಅವನ ಮಾತಿನಲ್ಲೂ ನೋವಿದೆ. ಸದ್ಯಕ್ಕೆ ನೀಟ್, ಸಿಇಟಿ ಎರಡಕ್ಕೂ ಅರ್ಜಿ ಹಾಕಿದ್ದಾರೆ. ಹುಡುಗ ರಾತ್ರಿ ಹೊತ್ತು ನನಗೆ ಮೆಸೇಜ್ ಮಾಡುತ್ತಾನೆ, "ಕಾಕಾ, ಅಪ್ಪಗ ನೀನೇ ಒಂದು ಮಾತು ಹೇಳು" ಅಂತ. ಈ ಭಾನುವಾರ ಹೇಳುತ್ತೇನೆ.