ಕರೆಂಟ್ ಹೋಗಿ ಬಂದರೂ ತಾನೇ ಏಳುವ ಸರ್ವರ್ ಹುಡುಕುತ್ತಾ

ಅಪ್ಪ ಗುಬ್ಬಿ ಕಡೆ ಮೇಷ್ಟ್ರಾಗಿದ್ದರು. ಶಾಲೆ ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು, ಯಾವ ಮಳೆ ಎಷ್ಟು ಬಂತು ಅಂತ ಬರೆದಿಡುತ್ತಿದ್ದರು. ತಾರೀಖಿನ ಪಕ್ಕದಲ್ಲಿ ಆರಿದ್ರಾ, ಮಘೆ, ಸ್ವಾತಿ ಅಂತ ನಕ್ಷತ್ರದ ಹೆಸರು. ಒಟ್ಟು ಹನ್ನೊಂದು ನೋಟ್‌ಬುಕ್ಕು. ಅದನ್ನೆಲ್ಲ ಟೈಪ್ ಮಾಡಿ ತುಮಕೂರಿನ ನಮ್ಮ ಮನೆಯಿಂದಲೇ ವೆಬ್‌ಸೈಟ್ ನಡೆಸೋದು ಈ ಮಳೆಗಾಲದ ಕೆಲಸ. ಟಿವಿ ಹಿಂದೆ ಧೂಳು ಹಿಡಿದು ಕೂತಿದ್ದ ರಾಸ್ಪ್‌ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರ್ ಇದೆ, 1 ಜಿಬಿ ಮೆಮೊರಿ. ಸುಮ್ನೆ ಬಾಡಿಗೆ ಜಾಗಕ್ಕೆ ದುಡ್ಡು ಯಾಕೆ ಅಂತ ಅನ್ನಿಸಿತು.

ಮೊದಲ ಭಾನುವಾರ

ಅಪಾಚೆ ಹಾಕಿದೆ, ಕೇಳಿದವರಿಗೆ ಪುಟ ಕಳಿಸುವ ಸರ್ವರ್ ತಂತ್ರಾಂಶ. ಕಾಲೇಜಿನಲ್ಲಿ ಕಲಿತದ್ದು ಅದೊಂದೇ. 1995ರಿಂದ ಇರುವ ಸರ್ವರ್, ಏನೇ ತೊಂದರೆ ಆದರೂ ಯಾರೋ ಒಬ್ಬರು ಮೊದಲೇ ಅನುಭವಿಸಿರುತ್ತಾರೆ. ಒಂದೇ ಕಮಾಂಡಿಗೆ ಪುಟ ಬಂತು. ಆದರೆ ನನ್ನದು ಬರೀ ಎಚ್‌ಟಿಎಂಎಲ್ ಮತ್ತು ಟೆಕ್ಸ್ಟ್ ಕಡತಗಳು. ಪಿಎಚ್‌ಪಿ ಇಲ್ಲ, ಡೇಟಾಬೇಸ್ ಇಲ್ಲ. ಸೆಟ್ಟಿಂಗ್ಸ್ ಫೋಲ್ಡರ್ ತೆಗೆದು ನೋಡಿದರೆ, ಇಬ್ಬರ ಊಟಕ್ಕೆ ಮದುವೆ ಮನೆ ಪಾತ್ರೆ ತಂದ ಹಾಗೆ ಕಾಣಿಸಿತು.

ಎರಡನೇ ಭಾನುವಾರ

ಎಂಜಿನ್‌ಎಕ್ಸ್. ಇಗೊರ್ ಸಿಸೊಯೆವ್ ಇದನ್ನು 2004ರಲ್ಲಿ ಬಿಡುಗಡೆ ಮಾಡಿದ್ದು, ಒಂದೇ ಹೊತ್ತಿಗೆ ಹತ್ತು ಸಾವಿರ ಜನ ಬಂದರೂ ತಡೆದುಕೊಳ್ಳಬೇಕು ಅಂತ. ನಮ್ಮಲ್ಲಿಗೆ ಹತ್ತು ಜನ ಬಂದರೆ ದೊಡ್ಡದು, ಅದಿರಲಿ.

ಮೂರು ಕಡೆ ಎಡವಿದೆ. ಸಾಲಿನ ಕೊನೆಗೆ ಸೆಮಿಕೋಲನ್ ಮರೆತದ್ದು ಒಂದು. ಕಡತಗಳನ್ನು ನನ್ನ ಹೋಮ್ ಫೋಲ್ಡರಿನಲ್ಲಿ ಇಟ್ಟದ್ದು ಇನ್ನೊಂದು. ಸರ್ವರ್ ಬೇರೆ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ, ಅವನಿಗೆ ನನ್ನ ಫೋಲ್ಡರಿನೊಳಗೆ ಕಾಲಿಡಲು ಅನುಮತಿ ಇಲ್ಲ, ಹಾಗಾಗಿ 403, ಅಂದರೆ ‘ಒಳಗೆ ಬಿಡಲ್ಲ’. ಮೂರನೆಯದು ಕನ್ನಡದವರಿಗೇ ಬರುವ ಕಷ್ಟ. ಎಚ್‌ಟಿಎಂಎಲ್ ಪುಟಗಳಲ್ಲಿ ಅಕ್ಷರಗಳನ್ನು ಬೈಟ್ ಆಗಿ ಇಡುವ ಕ್ರಮ ಯುಟಿಎಫ್-8 ಅಂತ ಬರೆದಿದ್ದೆ, ಅವು ಸರಿ ಬಂದವು. ಬರೀ ಟೆಕ್ಸ್ಟ್ ಕಡತ ತೆರೆದರೆ ಮಾತ್ರ ಅಕ್ಷರವೆಲ್ಲ ಕಲಸಿಹೋಗಿ, ಯಾವುದೋ ಮಂತ್ರದ ಹಾಗೆ ಕಾಣುತ್ತಿತ್ತು. ಎಂಜಿನ್‌ಎಕ್ಸ್ ತಾನಾಗಿ ಚಾರ್‌ಸೆಟ್, ಅಂದರೆ ಅಕ್ಷರ ಯಾವ ಕ್ರಮದಲ್ಲಿದೆ ಅನ್ನೋದನ್ನು, ಹೇಳುವುದಿಲ್ಲ, ನಾವೇ ಒಂದು ಸಾಲು ಸೇರಿಸಬೇಕು.

ಕಡತಕ್ಕೆ ಕನ್ನಡ ಹೆಸರು ಇಡುವ ಆಸೆಯನ್ನೂ ಅವತ್ತೇ ಬಿಟ್ಟೆ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಚಿಹ್ನೆಗೂ 3 ಬೈಟ್. ವಿಳಾಸದಲ್ಲಿ ಒಂದು ಬೈಟ್ ಶೇಕಡಾ ಗುರುತಿನ ಜೊತೆ 3 ಅಕ್ಷರ ಆಗುತ್ತದೆ. ‘ಆರಿದ್ರಾ’ ಅನ್ನೋದರಲ್ಲಿ ಒತ್ತು, ಗುಣಿತ ಎಲ್ಲ ಸೇರಿ 7 ಚಿಹ್ನೆ. ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದರೆ ಅದೊಂದು ಪದಕ್ಕೇ 63 ಅಕ್ಷರದ ಬಾಲ!

ಮೂರನೇ ವಾರ

ಸರ್ವರ್ ಯಾವುದಾದರೇನು, ಹೊರಗಿನವರು ಒಳಗೆ ಬರಬೇಕಲ್ಲ. ರೂಟರಿನಲ್ಲಿ ನೋಡಿದರೆ ನಮ್ಮ ವಿಳಾಸ 100.64ರಿಂದ ಶುರು. ಅಂದರೆ ಇಂಟರ್ನೆಟ್ ಕೊಡುವವರು ಒಂದೇ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿದ್ದಾರೆ, ಹೊರಗಿನವರನ್ನು ಪೈ ಕಡೆ ಕಳಿಸು ಅಂತ ರೂಟರಿಗೆ ಹೇಳುವ ಪೋರ್ಟ್ ಫಾರ್ವರ್ಡಿಂಗ್ ಮಾಡಿ ಪ್ರಯೋಜನವಿಲ್ಲ. ಹೊಸ ಬಗೆಯ ಇಂಟರ್ನೆಟ್ ವಿಳಾಸ ಐಪಿವಿ6 ಮಾತ್ರ ನೇರ ಸಿಗುತ್ತಿತ್ತು. ಅದರಲ್ಲೇ ವೆಬ್ ಪುಟಗಳ ಬಾಗಿಲುಗಳಾದ ಪೋರ್ಟ್ 80 ಮತ್ತು 443 ತೆರೆದೆ. ಐಪಿವಿ6 ಇಲ್ಲದ ಕಚೇರಿ ಕಂಪ್ಯೂಟರಿಂದ ಪುಟ ಕಾಣುವುದಿಲ್ಲ, ಮೊಬೈಲಿನಲ್ಲಿ ಕಾಣುತ್ತದೆ. ಸದ್ಯಕ್ಕೆ ಇಷ್ಟು ಸಾಕು.

ಸೈಟ್ ಅಸಲಿ ಅಂತ ಬ್ರೌಸರಿಗೆ ತೋರಿಸುವ ಸರ್ಟಿಫಿಕೇಟು ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸೇವೆಯಿಂದ ಪುಕ್ಕಟೆ ಬಂತು. ಬಂದ ಸ್ವಲ್ಪ ಹೊತ್ತಿಗೇ ಯಾರು ಏನು ಕೇಳಿದರು ಅಂತ ಬರೆದಿಡುವ ಲಾಗ್‌ನಲ್ಲಿ ಯಾರ್ಯಾರೋ ವರ್ಡ್‌ಪ್ರೆಸ್ ಅನ್ನೋ ವೆಬ್‌ಸೈಟ್ ತಂತ್ರಾಂಶದ ಲಾಗಿನ್ ಪುಟ ಕೇಳುತ್ತಿದ್ದರು. ಗಾಬರಿಯಾಯಿತು. ಆಮೇಲೆ ತಿಳಿಯಿತು, ಹೊಸ ಸರ್ಟಿಫಿಕೇಟುಗಳ ಹೆಸರು ಸಾರ್ವಜನಿಕ ಪಟ್ಟಿಗೆ ಸೇರುತ್ತವೆ, ತಾವಾಗಿ ಓಡುವ ಪ್ರೋಗ್ರಾಮುಗಳಾದ ಬಾಟ್‌ಗಳು ಅದನ್ನೇ ಕಾಯುತ್ತಾ ಕೂತಿರುತ್ತವೆ. ಕೇಳಲಿ ಬಿಡಿ, ನನ್ನ ಹತ್ತಿರ ವರ್ಡ್‌ಪ್ರೆಸ್ಸೇ ಇಲ್ಲ.

ಬುಧವಾರ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಮನೆಯಲ್ಲಿ ಕರೆಂಟ್ ಹೋಗಿ ಬಂತು, ಸೈಟ್ ಮಾತ್ರ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ.

‘ಆ ಪೆಟ್ಟಿಗೆ ಲೈಟು ಮಿಣಕ್ ಮಿಣಕ್ ಅಂತಿದೆ ಕಣೋ. ವೈರ್ ಕೀಳ್ಲಾ?’

‘ಬೇಡಮ್ಮ, ಮುಟ್ಟಬೇಡ.’

ರಾತ್ರಿ ಬಂದು ನೋಡಿದರೆ ತಪ್ಪು ನನ್ನದೇ. ಎಂಜಿನ್‌ಎಕ್ಸ್ ಯಾವ ವಿಳಾಸದಲ್ಲಿ ಕಿವಿಗೊಡಬೇಕು ಅನ್ನುವ ಕಡೆ ಪೂರ್ತಿ ಐಪಿವಿ6 ವಿಳಾಸ ಬರೆದಿದ್ದೆ. ಕರೆಂಟ್ ಬಂದಾಗ ಪೈ ಬೇಗ ಎದ್ದಿದೆ, ರೂಟರ್ ನಿಧಾನ. ಆ ವಿಳಾಸ ಇನ್ನೂ ಸಿಕ್ಕೇ ಇಲ್ಲ. ಸರ್ವರ್ ಒಂದು ಸಲ ಪ್ರಯತ್ನ ಮಾಡಿ ಸುಮ್ಮನಾಗಿದೆ, ಮತ್ತೆ ಏಳಿಸು ಅಂತ, ಪೈನಲ್ಲಿ ಪ್ರೋಗ್ರಾಮುಗಳನ್ನು ಶುರು ಮಾಡುವ ಸಿಸ್ಟಂಡಿಗೆ ನಾನು ಹೇಳಿರಲಿಲ್ಲ. ವಿಳಾಸದ ಜಾಗದಲ್ಲಿ ಎರಡು ಕೋಲನ್ ಹಾಕಿದ್ದರೆ ‘ಯಾವ ವಿಳಾಸವಾದರೂ ಸರಿ’ ಅಂತ ಆಗುತ್ತಿತ್ತು.

ಅವತ್ತೇ ಗೊತ್ತಾಯಿತು, ನಾನು ಹುಡುಕುತ್ತಿದ್ದದ್ದು ವೇಗದ ಸರ್ವರ್ ಅಲ್ಲ. ಅಮ್ಮನಿಗೆ ಫೋನ್ ಮಾಡುವ ಹಾಗೆ ಮಾಡದ ಸರ್ವರ್.

ನಾಲ್ಕನೇ ಭಾನುವಾರ

ಎಂಜಿನ್‌ಎಕ್ಸ್ ಸರಿಪಡಿಸಿ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೂ ಕ್ಯಾಡಿ ಅನ್ನೋ ಇನ್ನೊಂದು ಸರ್ವರ್ ಹಾಕಿ ನೋಡಿದೆ. 2015ರಲ್ಲಿ ಬಂದದ್ದು, ಗೋ ಭಾಷೆಯಲ್ಲಿ ಬರೆದದ್ದು. ಸೆಟ್ಟಿಂಗ್ಸ್ ಅಂದರೆ ಸೈಟಿನ ಹೆಸರು, ಫೋಲ್ಡರ್ ಎಲ್ಲಿದೆ, ಕಡತ ಬಡಿಸು, ಇಷ್ಟೇ. ವಿಳಾಸವನ್ನು ಬರೆಯುವ ಜಾಗವೇ ಬರಲಿಲ್ಲ, ಅಲ್ಲಿಗೆ ನನ್ನ ಜಾಣತನಕ್ಕೂ ಅವಕಾಶ ತಪ್ಪಿತು. ಟೆಕ್ಸ್ಟ್ ಕಡತದ ಕನ್ನಡವೂ ಏನೂ ಹೇಳದೆ ಸರಿ ಬಂತು. 90 ದಿನದ ಸರ್ಟಿಫಿಕೇಟನ್ನು ತಾನೇ ತಂದು ತಾನೇ ನವೀಕರಿಸುತ್ತದೆ, ಅದಕ್ಕೆಂದೇ ಸರ್ಟ್‌ಬಾಟ್ ಅನ್ನೋ ಬೇರೆ ಪ್ರೋಗ್ರಾಮ್ ಬೇಕಿಲ್ಲ. ಎಂಜಿನ್‌ಎಕ್ಸ್‌ಗಿಂತ ಮೆಮೊರಿ ಜಾಸ್ತಿ ತಿನ್ನುತ್ತದೆ, ನಿಜ. ಪೈನಲ್ಲಿ ಬೇರೆ ಯಾರು ತಿನ್ನುವವರಿದ್ದಾರೆ? ಬಿದ್ದರೆ ಮತ್ತೆ ಏಳಿಸುವ ಸಾಲನ್ನು ಸಿಸ್ಟಂಡಿನಲ್ಲಿ ಈ ಸಲ ಮರೆಯಲಿಲ್ಲ.

ಶುಕ್ರವಾರ

ಪರೀಕ್ಷೆ. ಸಂಜೆ ರೈಲಿನಿಂದಲೇ ಅಮ್ಮನಿಗೆ ಫೋನ್ ಮಾಡಿ, ಮೇನ್ ಸ್ವಿಚ್ ಆರಿಸಿ ಐದು ನಿಮಿಷ ಬಿಟ್ಟು ಹಾಕು ಅಂದೆ. ಇರೋ ಕರೆಂಟನ್ನೂ ಯಾಕೋ ತೆಗೀಬೇಕು ಅಂತ ಬೈಸಿಕೊಂಡೆ. ಹಿರೇಹಳ್ಳಿಯಲ್ಲಿ ಪುಟ ಬರಲಿಲ್ಲ. ಕ್ಯಾತ್ಸಂದ್ರದಲ್ಲಿ ಪುಟವನ್ನು ಇನ್ನೊಂದು ಸಲ ಎಳೆದೆ. ಅಪ್ಪನ ಕೈಬರಹದ ಫೋಟೋ ಮೇಲಿಂದ ನಿಧಾನಕ್ಕೆ ಇಳಿಯಿತು: ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು.’

ಇನ್ನು ಎಂಟು ನೋಟ್‌ಬುಕ್ ಟೈಪ್ ಮಾಡೋದಿದೆ. ಎಸ್‌ಡಿ ಕಾರ್ಡ್ ಕೆಡುವ ಮೊದಲು ಒಂದು ಬ್ಯಾಕಪ್ ಕೂಡ.