ಹಳದಿ ದೀಪ, ಕೆಂಪು ಬಣ್ಣ

ಸಂಜೆ ಏಳು ಗಂಟೆ, ಸಿಲ್ಕ್ ಬೋರ್ಡ್ ಹತ್ತಿರ. ಹತ್ತಡಿ ಮುಂದೆ ಹೋಗೋದು, ಐದು ನಿಮಿಷ ನಿಲ್ಲೋದು. ಆಗ ಡ್ಯಾಶ್‌ಬೋರ್ಡಿನಲ್ಲಿ ಆಟೋಮ್ಯಾಟಿಕ್ ಗೇರಿನ ಪಿ, ಆರ್, ಎನ್, ಡಿ, ಎಸ್ ಅಕ್ಷರಗಳೆಲ್ಲ ಒಟ್ಟಿಗೆ ಮಿಣುಕತೊಡಗಿದವು. ಪಕ್ಕದಲ್ಲೇ ಹಲ್ಲುಚಕ್ರದ ಚಿತ್ರವಿರುವ ಹಳದಿ ದೀಪ. ಕಾರು ಒಂದು ಸಲ ಜಗ್ಗಿ, ಮೂರನೇ ಗೇರಿಗೆ ಅಂಟಿಕೊಂಡುಬಿಟ್ಟಿತು. ಹಿಂದಿನ ಆಟೋದವನ ಹಾರ್ನ್ ಕೇಳುತ್ತಾ ಹೇಗೋ ಬದಿಗೆ ಹಾಕಿದೆ. ಕೀ ತೆಗೆದು, ಎರಡು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲ ಅನ್ನೋ ಹಾಗೆ ಹೊರಟಿತು.

ಕಾರಿನ ಬಗ್ಗೆ ಒಂದೆರಡು ಮಾತು. 2012ರ ಮಾಡೆಲ್, ಜರ್ಮನಿಯದು, ಎರಡೇ ಸೀಟು, ಕೆಂಪು ಬಣ್ಣ. ಸೆಕೆಂಡ್ ಹ್ಯಾಂಡ್ ತಗೊಂಡು ಎಂಟು ತಿಂಗಳಾಗಿತ್ತು. 'ಸಿಂಗಲ್ ಓನರ್ ಸಾರ್, ಒಂದು ಗೀರೂ ಬಿದ್ದಿಲ್ಲ' ಅಂತ ಬ್ರೋಕರ್ ಹೇಳಿದ್ದ. ಅಪ್ಪ ಅದನ್ನ ಮೊದಲ ಸಲ ನೋಡಿದಾಗ 'ಉಳಿದವರು ಬಸ್ಸಲ್ಲಿ ಬರ್ತಾರಾ?' ಅಂತ ಕೇಳಿದ್ದರು. ಹಾಸನದ ಡಿಪೋದಲ್ಲಿ ಮೂವತ್ತು ವರ್ಷ ಬಸ್ಸು ರಿಪೇರಿ ಮಾಡಿದವರು.

ಇದರ ಗೇರ್‌ಬಾಕ್ಸಲ್ಲಿ ಎರಡು ಕ್ಲಚ್ ಇವೆ. ಒಂದು, ಮೂರು, ಐದು ಒಂದು ಕ್ಲಚ್ಚಿಗೆ. ಎರಡು, ನಾಲ್ಕು, ಆರು ಇನ್ನೊಂದಕ್ಕೆ. ಎರಡನೇ ಗೇರಿನಲ್ಲಿ ಓಡುತ್ತಿರುವಾಗಲೇ ಮೂರನೆಯದು ಹಲ್ಲು ಕೂಡಿಸಿಕೊಂಡು ಕಾಯುತ್ತಿರುತ್ತದೆ. ಒಂದು ಕ್ಲಚ್ ಬಿಡುವಷ್ಟರಲ್ಲಿ ಇನ್ನೊಂದು ಹಿಡಿಯುತ್ತದೆ. ಇಷ್ಟನ್ನೆಲ್ಲ ನಡೆಸೋದು ಮೆಕಾಟ್ರಾನಿಕ್ ಅನ್ನೋ ಒಂದು ಪೆಟ್ಟಿಗೆ. ಗೇರ್‌ಬಾಕ್ಸಿನ ಹೊಟ್ಟೆಯೊಳಗೇ ಇರುತ್ತದೆ, ಅರ್ಧ ಕಂಪ್ಯೂಟರ್, ಅರ್ಧ ಆಯಿಲ್ ವಾಲ್ವು. ಅದರ ಹೆಸರು ಕೇಳಿದರೇ ಇಂಥ ಕಾರಿಟ್ಟುಕೊಂಡವರ ಜೇಬು ನಡುಗುತ್ತದೆ.

ಆಮೇಲೆ ದೀಪ ಬಂದಾಗಲೆಲ್ಲ ಫೋನಿನಲ್ಲಿ ಬರೆದಿಟ್ಟುಕೊಂಡೆ. ಒಟ್ಟು ಐದು ಸಲ. ಐದೂ ಸಲ ಸಂಜೆ, ಟ್ರಾಫಿಕ್ಕಿನಲ್ಲಿ, ಏಸಿ ಹಾಕಿದ್ದಾಗ. ಬೆಳಿಗ್ಗೆ ಒಂದು ಸಲವೂ ಇಲ್ಲ. ನೈಸ್ ರೋಡಿನಲ್ಲಿ ಅಂತೂ ಬೆಣ್ಣೆಯ ಹಾಗೆ ಓಡುತ್ತಿತ್ತು. ಸರಿ, ಕ್ಲಚ್ ಬಿಸಿಯಾಗುತ್ತಿದೆ, ಹೀಗಂತ ನಾನೇ ತೀರ್ಮಾನ ಮಾಡಿಬಿಟ್ಟೆ. ವರ್ಕ್‌ಶಾಪಿನವರೂ ಗೇರ್‌ಬಾಕ್ಸನ್ನೇ ದೂರಿದರು. ಸ್ಕ್ಯಾನ್ ಮಾಡಿ, ಪ್ರಿಂಟ್ ಕೈಗಿಟ್ಟು, 'ಮೆಕಾಟ್ರಾನಿಕ್ ಬದಲಿಸಬೇಕು, ಎರಡೂವರೆ ಲಕ್ಷ, ಕ್ಲಚ್ ನೋಡಿ ಆಮೇಲೆ ಹೇಳ್ತೀವಿ' ಅಂದರು. ಯೋಚನೆ ಮಾಡ್ತೀನಿ ಅಂತ ಬಂದೆ. ಯೋಚನೆ ಏನು ಮಣ್ಣು, ಆ ರಾತ್ರಿ ನಿದ್ದೆಯೇ ಬರಲಿಲ್ಲ.

ಆ ಹಾಳೆಯನ್ನ ಸರಿಯಾಗಿ ಓದಿದ್ದು ಮೂರು ದಿನ ಆದಮೇಲೆ. ಮೊದಲ ಸಾಲಿನಲ್ಲಿ ಗೇರ್‌ಬಾಕ್ಸ್. ಅವರು ಅಲ್ಲಿಗೇ ನಿಲ್ಲಿಸಿದ್ದರು, ನಾನೂ ಅಷ್ಟೇ ನೋಡಿದ್ದೆ. ಕೆಳಗೆ ಇನ್ನೂ ನಾಲ್ಕು ಸಾಲು: ಇಂಜಿನ್, ಏಬಿಎಸ್ ಬ್ರೇಕ್, ಸ್ಟಿಯರಿಂಗ್, ಏಸಿ. ಇಂಜಿನ್ನಿನ ಮುಂದೆ ಪಿ0562 ಅಂತ ಕೋಡ್. ವೋಲ್ಟೇಜ್ ಕಡಿಮೆ ಅಂತ ಅದರ ಅರ್ಥ. ಉಳಿದ ನಾಲ್ಕೂ ಬೇರೆ ಬೇರೆ ನಂಬರಿನಲ್ಲಿ ಅದೇ ಮಾತು ಹೇಳುತ್ತಿದ್ದವು. ಮದುವೆ ಊಟ ಮಾಡಿ ಬಂದವರಲ್ಲಿ ಒಬ್ಬರಿಗೆ ಹೊಟ್ಟೆ ಕೆಟ್ಟರೆ ಅದು ಅವರ ಹೊಟ್ಟೆಯ ತೊಂದರೆ. ಐದು ಜನಕ್ಕೂ ಕೆಟ್ಟರೆ ಅಡುಗೆಮನೆ ಕಡೆ ನೋಡಬೇಕಲ್ವಾ?

ಅಡುಗೆಮನೆ ಅಂದರೆ ಬ್ಯಾಟರಿ ಅಂದುಕೊಂಡೆ. ಅಂಗಡಿಯವನು ಮೀಟರ್ ಇಟ್ಟು '12.6 ಇದೆ ಸಾರ್, ಚೆನ್ನಾಗೇ ಇದೆ' ಅಂದ. ನಾನೇ ಹಟ ಮಾಡಿ ಹೊಸದು ಹಾಕಿಸಿದೆ. ಹನ್ನೊಂದು ದಿನ ದೀಪ ಬರಲಿಲ್ಲ. ಹನ್ನೆರಡನೇ ದಿನ, ಅದೇ ಸಿಲ್ಕ್ ಬೋರ್ಡ್, ಅದೇ ಮಿಣುಕು.

ಆ ವಾರ ಅಪ್ಪ ಊರಿಂದ ಬಂದಿದ್ದರು. ಬೇಸ್‌ಮೆಂಟಿಗೆ ಕರೆದುಕೊಂಡು ಹೋದೆ. 'ಗೇರ್ ಆಯಿಲ್ ಕಮ್ಮಿ ಆಗಿದೆ, ಇನ್ನೇನಿರುತ್ತೆ' ಅಂತ ಆಯಿಲ್ ಮಟ್ಟ ನೋಡೋ ಕಡ್ಡಿ, ಡಿಪ್ ಸ್ಟಿಕ್ ಹುಡುಕಿದರು. ಇದಕ್ಕೆ ಡಿಪ್ ಸ್ಟಿಕ್ಕೇ ಇಲ್ಲ. ಆಯಿಲ್ 35ರಿಂದ 45 ಡಿಗ್ರಿ ಬಿಸಿ ಇರುವಾಗ, ಇಂಜಿನ್ ಓಡುತ್ತಿರುವಾಗಲೇ, ಕೆಳಗಿನ ಬೋಲ್ಟ್ ಬಿಚ್ಚಿ ನೋಡಬೇಕು ಅಂದಾಗ ನನ್ನ ಮುಖವನ್ನೇ ನೋಡಿದರು. 'ಇದನ್ನ ಮಾಡಿದೋನಿಗೆ ಮನೇಲಿ ಬೇರೆ ಕೆಲಸ ಇರಲಿಲ್ವಾ?' ಅಂದರು. ಆಯಿಲ್ ನಾನು ಕಾರು ತಗೊಂಡಾಗಲೇ ಬದಲಿಸಿದ್ದು, ಒಂದು ಹನಿಯೂ ಸೋರಿರಲಿಲ್ಲ. ಆಮೇಲೆ ಅವರು ಸೆಲ್ಫ್ ಹೊಡೆದು ನೋಡಿದರು. ಒಂದೇ ಏಟಿಗೆ ಸ್ಟಾರ್ಟ್. 'ಕರೆಂಟಿಗೇನೂ ಬರ ಇಲ್ಲ ಕಣೋ.'

ಅವರು ಹೇಳಿದ್ದು ನಿಜವೇ. ಬ್ಯಾಟರಿಯಲ್ಲಿ ಕರೆಂಟು ಬೇಕಾದಷ್ಟಿತ್ತು. ಆದರೆ ಹೋದ ಕರೆಂಟು ವಾಪಸ್ಸೂ ಬರಬೇಕಲ್ಲ. ಕಾರಿನಲ್ಲಿ ಆ ವಾಪಸ್ ದಾರಿ, ಅಂದರೆ ಅರ್ತ್, ಕಾರಿನ ಬಾಡಿಯೇ. ಈ ಕಾರಿನಲ್ಲಿ ಬ್ಯಾಟರಿ ಮೈನಸ್ಸಿನಿಂದ ಎರಡು ಕಪ್ಪು ವೈರು ಹೋಗುತ್ತವೆ. ದಪ್ಪನೆಯದು ಗೇರ್‌ಬಾಕ್ಸಿನ ಮೈಗೆ, ಸೆಲ್ಫ್ ಮೋಟಾರಿಗೆ ಅದೇ ಅರ್ತ್. ಇನ್ನೊಂದು ಬಾಡಿಗೆ. ಹೆಡ್‌ಲೈಟು, ರೇಡಿಯೇಟರ್ ಫ್ಯಾನು, ಏಸಿ ಬ್ಲೋಯರು, ಕಂಪ್ಯೂಟರ್ ಪೆಟ್ಟಿಗೆಗಳು ಎಲ್ಲಕ್ಕೂ ಅದೊಂದೇ ಅರ್ತ್. ಸೆಲ್ಫ್ ಚೆನ್ನಾಗಿ ಎಳೆಯಿತು ಅಂದರೆ ಮೊದಲನೇ ವೈರು ಸರಿ ಇದೆ ಅಂತ ಮಾತ್ರ.

ಮೀಟರಿನ ಕಪ್ಪು ಕಡ್ಡಿಯನ್ನ ಬ್ಯಾಟರಿ ಮೈನಸ್ಸಿಗೆ ಇಟ್ಟೆ. ಕೆಂಪು ಕಡ್ಡಿಯನ್ನ ಬಾಡಿಯ ಪೇಂಟ್ ಇಲ್ಲದ ಒಂದು ಬೋಲ್ಟಿಗೆ ಒತ್ತಿ ಹಿಡಿದೆ. ಎರಡೂ ಮೈನಸ್ಸೇ ಆದ್ದರಿಂದ ಸೊನ್ನೆಯ ಹತ್ತಿರ ಬರಬೇಕು, 0.1 ವೋಲ್ಟ್ ಬಂದರೂ ಪರವಾಗಿಲ್ಲ. ಅಪ್ಪ ಇಂಜಿನ್ ಸ್ಟಾರ್ಟ್ ಮಾಡಿದರು. 0.3. ಹೆಡ್‌ಲೈಟ್ ಹಾಕಿದರು. 0.8. ಏಸಿ ಹಾಕಿದರು. 1.9. ಹಾಗೇ ಬಿಟ್ಟೆವು. ಬೇಸ್‌ಮೆಂಟಿನ ಸೆಕೆಗೆ ಇಂಜಿನ್ ಬಿಸಿಯಾಗಿ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗಿತು. ಮೀಟರ್ ನಾಲ್ಕು ದಾಟಿತು. ಕಾರೊಳಗಿಂದ ಅಪ್ಪ ಕೂಗಿದರು, 'ಲೋ, ಲೈಟ್ ಬಂತು ಕಣೋ!'

ಗೇರ್‌ಬಾಕ್ಸಿನ ಪೆಟ್ಟಿಗೆಗೆ 14 ವೋಲ್ಟ್ ಸಿಗಬೇಕಾದ ಕಡೆ ಹತ್ತರ ಕೆಳಗೆ ಸಿಗುತ್ತಿತ್ತು. ಸಂಜೆಯ ಟ್ರಾಫಿಕ್ ಅಂದರೆ ಕ್ಲಚ್ಚಿಗೆ ಬಿಸಿ, ಅದು ಸರಿ. ಆದರೆ ಹೆಡ್‌ಲೈಟು, ಏಸಿ, ಫ್ಯಾನು ಮೂರೂ ಒಟ್ಟಿಗೆ ಓಡೋದೂ ಆಗಲೇ. ನನ್ನ ಫೋನಿನ ಪಟ್ಟಿ ಎರಡು ಕಾಯಿಲೆಗೂ ಹೊಂದುತ್ತಿತ್ತು. ನಾನು ದುಬಾರಿ ಕಾಯಿಲೆಯನ್ನೇ ಆರಿಸಿಕೊಂಡಿದ್ದೆ.

ಬ್ಯಾಟರಿ ಎತ್ತಿ, ಅದರ ತಟ್ಟೆ ಬಿಚ್ಚಿದೆವು. ವೈರಿನ ತುದಿಯ ಲೋಹದ ಬಳೆ, ಅಂದರೆ ಲಗ್, ಬಾಡಿಗೆ ಕೂರುವ ಬೋಲ್ಟನ್ನ ಅಪ್ಪ 13ರ ಸ್ಪ್ಯಾನರಿನಲ್ಲಿ ತೆಗೆದರು. ಸುತ್ತ ಬಿಳಿ ಪುಡಿ ಇರಬಹುದು, ತುಕ್ಕಿರಬಹುದು ಅಂದುಕೊಂಡಿದ್ದೆ. ಏನೂ ಇಲ್ಲ. ಲಗ್ಗಿನ ಕೆಳಗೆ ಥಳಥಳ ಹೊಳೆಯುವ ಕೆಂಪು ಪೇಂಟ್! ಅಕ್ಕಪಕ್ಕದ ಜಾಗಕ್ಕಿಂತ ಹೊಸದು. ನಡುವೆ ಬೋಲ್ಟಿನ ಥ್ರೆಡ್ಡುಗಳಲ್ಲಿ ಮಾತ್ರ ಒಂದಿಷ್ಟು ಲೋಹಕ್ಕೆ ಲೋಹ ತಾಗುತ್ತಿತ್ತು. ಬ್ಯಾಟರಿ ಬದಲಿಸುವಾಗ ವೈರು ಅಲುಗಾಡಿ ಅದೇ ಇನ್ನೊಂಚೂರು ಗಟ್ಟಿಯಾಗಿ ತಾಗಿರಬೇಕು. ಆ ಹನ್ನೊಂದು ದಿನದ ಲೆಕ್ಕ ಅಷ್ಟೇ.

ಅಪ್ಪ ಟಾರ್ಚ್ ಹಾಕಿ ಎಡಗಡೆ ಫೆಂಡರಿನ ಒಳಗೆಲ್ಲ ಇಣುಕಿದರು. ಬೆರಳಲ್ಲಿ ಒಂದು ಕಡೆ ಸವರಿ, 'ಇಲ್ಲಿ ಟಿಂಕರಿಂಗ್ ಆಗಿದೆ, ಪುಟ್ಟಿ ಹಾಕವ್ರೆ' ಅಂದರು. ಒಂದು ಗೀರೂ ಬೀಳದ ಕಾರು! ಎಲ್ಲೋ ಗುದ್ದಿ, ನೆಟ್ಟಗೆ ಮಾಡಿಸಿ, ಬಣ್ಣ ಹೊಡೆಸಿ, ಅದರ ಮೇಲೇ ಅರ್ತ್ ವೈರು ಬಿಗಿದು ಮಾರಿದ್ದರು.

ಹಾರ್ಡ್‌ವೇರ್ ಅಂಗಡಿಯಿಂದ ಹದಿನೈದು ರೂಪಾಯಿಗೆ ಒಂದು ಉಪ್ಪುಕಾಗದ ತಂದೆ. ಬೆಳ್ಳಗೆ ಲೋಹ ಕಾಣುವ ತನಕ ಉಜ್ಜಿದ್ದು ಅಪ್ಪನೇ, ನನಗೆ ಬಿಡಲಿಲ್ಲ. ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದರು. ಮತ್ತೆ ಲೈಟು, ಏಸಿ, ಫ್ಯಾನು ಎಲ್ಲ ಹಾಕಿ ಮೀಟರ್ ಇಟ್ಟೆ. 0.06.

ಬ್ರೋಕರಿಗೆ ಫೋನ್ ಮಾಡಿದೆ. 'ಅದು ಸುಮ್ನೆ ಟಚಪ್ ಸಾರ್' ಅಂದ. ಜಗಳ ಆಡೋಕೆ ಮನಸ್ಸಾಗಲಿಲ್ಲ. ಬೇಡದ ಬ್ಯಾಟರಿಗೆ ಒಂಬತ್ತು ಸಾವಿರ ಕೊಟ್ಟವನು ನಾನೇ.

ಆ ಸಂಜೆ, ಹುಟ್ಟಿದಾಗಿನಿಂದ ಮೊದಲ ಸಲ, ಬೇಕಂತಲೇ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೆ ಹೋಗಿ ಸಿಕ್ಕಿಕೊಂಡೆ. ಪಕ್ಕದ ಸೀಟಿನಲ್ಲಿ ಅಪ್ಪ, ಮಂಡಿ ಎದೆಗೆ ತಾಗುವ ಹಾಗೆ ಕೂತಿದ್ದರು. ಹೆಡ್‌ಲೈಟ್ ಹಾಕಿದ್ದೆ, ಏಸಿ ಫುಲ್. ಮುಕ್ಕಾಲು ಗಂಟೆ ತೆವಳಿದೆವು. ಫ್ಯಾನು ಮೂರು ಸಲ ಜೋರಾಗಿ ತಿರುಗಿ ನಿಂತಿತು. ನಾನು ಮೀಟರ್ ಬೋರ್ಡ್ ಬಿಟ್ಟು ಕಣ್ಣು ಕದಲಿಸಲಿಲ್ಲ. ಡಿ ಅಕ್ಷರ ಒಂದೇ ಹೊತ್ತಿಕೊಂಡಿತ್ತು.

ಅಪ್ಪ ಹಿಂದಕ್ಕೆ ತಿರುಗಿ ನೋಡಲು ಒದ್ದಾಡಿದರು. 'ಅಲ್ವೋ, ಊರಿಂದ ತೆಂಗಿನಕಾಯಿ ಮೂಟೆ ತಂದ್ರೆ ಎಲ್ಲಿಡ್ತೀಯ ಇದ್ರಲ್ಲಿ?'